ಹೆಂಡತಿಗೆ ಗೊತ್ತಿರಬಾರದ ಬೀಗದ ಕೈ

ಫೆಬ್ರವರಿ 18, ಮಂಗಳವಾರ

ಕೋವಿ ಪ್ರಾಸರ್ ಫೋನ್ ಮಾಡಿದ್ದ. ಮಾರ್ಚ್ 25ಕ್ಕೆ ಬರುತ್ತಾನಂತೆ.

ವೇಲ್ಸಿನ ನಮ್ಮ ಕಣಿವೆಯಲ್ಲಿ ಮನುಷ್ಯನಿಗೆ ಅವನ ಕಸುಬೇ ಹೆಸರು. ರೊಟ್ಟಿ ಜೋನ್ಸ್, ಟೈರ್ ಡೇವಿಸ್, ಶವಪೆಟ್ಟಿಗೆ ಮಾಡುವ ಎವನ್ಸನಿಗೆ ಪೆಟ್ಟಿಗೆ ಎವನ್ಸ್. ಪೊಲೀಸರ ಕಡೆಯಿಂದ ಮನೆಮನೆಗೆ ಬಂದು ಕೋವಿ ಭದ್ರವಾಗಿಟ್ಟಿದ್ದಾರೋ ಇಲ್ಲವೋ ನೋಡಿಹೋಗುವ ಇವನು ಕೋವಿ ಪ್ರಾಸರ್. ಮೆಟ್ಟಿಲ ಕೆಳಗಿನ ನಮ್ಮ ಎರಡು ಬೀಗದ ಕಬ್ಬಿಣದ ಕಪಾಟನ್ನು ಹಿಡಿದು ಅಲ್ಲಾಡಿಸುತ್ತಾನೆ, ಗೋಡೆಗೆ ಹಾಕಿದ ಬೋಲ್ಟು ತಟ್ಟಿ ನೋಡುತ್ತಾನೆ, ಒಳಗಿನ ಎರಡು ಕೋವಿಗಳ ನಂಬರ್ ಓದುತ್ತಾನೆ. ಆಮೇಲೆ ಅಡುಗೆಮನೆಗೆ ಬಂದು ಟೀ ಕುಡಿಯುತ್ತಾ, ಮಳೆ ಚಳಿಯ ಮಾತಿನ ನಡುವೆ ಮೆಲ್ಲಗೆ ಮನೆಯ ಹೆಂಗಸನ್ನು ಕೇಳುತ್ತಾನೆ: ಬೀಗದ ಕೈ ಎಲ್ಲಿರುತ್ತೆ ಅಂತ ನಿಮಗೇನಾದ್ರೂ ಗೊತ್ತಾ?

ಗೊತ್ತು ಎಂದರೆ ಕೆಟ್ಟೆವು, ಕೋವಿಗಳು ಹೋದ ಹಾಗೆಯೇ. ಲೈಸೆನ್ಸ್ ಇದ್ದವನ ಹೊರತು ಮನೆಯಲ್ಲಿ ಇನ್ನೊಂದು ಪಿಳ್ಳೆಗೂ ಅದು ಗೊತ್ತಿರಬಾರದು. ಹೆಂಡತಿಗಂತೂ ಕೂಡದು.

ಈ ಮನೆಯಲ್ಲಿ ನನಗೆ ಗೊತ್ತಿಲ್ಲದ್ದು ಏನಿದೆ? ನನ್ನ ಗಂಡ ಇದ್ವಲ್‌ನ ಕಾಲುಚೀಲದಲ್ಲಿ ಯಾವ ಬೆರಳಿಗೆ ತೂತು ಎಂದು ಗೊತ್ತು. ಅತ್ತೆ ಸಕ್ಕರೆ ಕಾಯಿಲೆ ಇಟ್ಟುಕೊಂಡು ಪೆಪ್ಪರ್‌ಮಿಂಟ್ ಎಲ್ಲಿ ಬಚ್ಚಿಟ್ಟಿದ್ದಾರೆಂದು ಗೊತ್ತು. ಇಪ್ಪತ್ತಾರು ವರ್ಷದಲ್ಲಿ ಇದೊಂದು ಮಾತ್ರ ಗೊತ್ತಿಲ್ಲ. ಹೋದ ಸಲ ಪ್ರಾಸರ್ ಕೇಳಿದಾಗ ಗೊತ್ತಿಲ್ಲ ಎಂದದ್ದು ಅಪ್ಪಟ ನಿಜ. ಆಗ ಏನೂ ಅನ್ನಿಸಿರಲಿಲ್ಲ. ಈ ಸಲ ಫೋನ್ ಇಟ್ಟ ಕ್ಷಣದಿಂದ ತಲೆಯೊಳಗೆ ಹುಳ ಬಿಟ್ಟಂತಾಗಿದೆ. ಎಲ್ಲಿಟ್ಟಿರಬಹುದು?

ಇದನ್ನು ಬಾಯಿಬಿಟ್ಟು ಯಾರಿಗೂ ಹೇಳುವ ಹಾಗಿಲ್ಲ. ಅತ್ತೆಗೆ ಗೋಡೆಯಾಚೆಯ ಪಿಸುಮಾತೂ ಕೇಳಿಸುತ್ತದೆ. ಅದಕ್ಕೇ ಬರೆಯಲು ಕೂತಿದ್ದೇನೆ.

ಫೆಬ್ರವರಿ 20, ಗುರುವಾರ

ಇದ್ವಲ್ ಮೇಲಿನ ಹೊಲಕ್ಕೆ ಕುರಿ ನೋಡಲು ಹೋದಾಗ ಹುಡುಕಿದೆ. ಅವನ ಮದುವೆ ಸೂಟಿನ ಜೇಬು, ಶೇವಿಂಗ್ ಡಬ್ಬಿ, ಪಿಯಾನೋದ ಹಿಂಬದಿ. ಸಿಕ್ಕಿದ್ದು ಒಂದು ಒಣಗಿದ ಜೇಡ.

ಅತ್ತೆ ಬಾಗಿಲಲ್ಲಿ ನಿಂತು ನೋಡುತ್ತಿದ್ದುದು ಗೊತ್ತೇ ಆಗಲಿಲ್ಲ.

"ಏನ್ ಹುಡುಕ್ತಿದ್ದೀಯೇ ನೆರಿಸ್? ಪಿಯಾನೋ ಬಾರ್ಸೋಕೆ ಮುಂದಿನಿಂದ ಕೂರಬೇಕು."

"ಧೂಳು ಹೊಡೀತಿದ್ದೆ ಅತ್ತೆ."

"ಪ್ರಾಸರ್ ಬರ್ತಾನಂತಲ್ಲ," ಎಂದರು ಕಣ್ಣು ಸಣ್ಣದು ಮಾಡಿ. ಅಲ್ಲಿಗೆ ನನ್ನ ಗುಟ್ಟು ರಟ್ಟಾಯಿತು. "ನಿನ್ನ ಮಾವ ಅದನ್ನ ನನ್ನ ಹೆಣಿಗೆ ಚೀಲದಲ್ಲೇ ಇಡ್ತಿದ್ರು ಕಣೇ. ದಿನಾ ಅದೇ ಚೀಲದಿಂದ ಉಣ್ಣೆ ತೆಗೀತಿದ್ದೆ. ಪೊಲೀಸಿನವನು ಕೇಳಿದ್ರೆ ಗೊತ್ತಿಲ್ಲ ಅಂತಿದ್ದೆ."

"ಸುಳ್ಳಲ್ವಾ ಅತ್ತೆ ಅದು?"

"ಸುಳ್ಳು ಹೇಗಾಗುತ್ತೆ? ನಾನು ನೋಡಿರ್ಲಿಲ್ಲ. ಬರೀ ಮುಟ್ಟಿದ್ದೆ."

ಚಾಪೆಲ್‌ನಲ್ಲಿ ಐವತ್ತು ವರ್ಷ ಭಾನುವಾರದ ಪಾಠ ಹೇಳಿಕೊಟ್ಟ ಹೆಂಗಸು! ನಗು ತಡೆಯಲಾಗಲಿಲ್ಲ. ಇಬ್ಬರೂ ಪಿಯಾನೋ ಹಿಡಿದುಕೊಂಡು ನಕ್ಕೆವು. ಅಷ್ಟರಲ್ಲಿ ಇದ್ವಲ್ ಬಂದ, ಏನು ಎಂತ ಕೇಳದೆ ಬೂಟು ಬಿಚ್ಚಿ ಒಳಗೆ ಹೋದ. ಮೊದಲಾಗಿದ್ದರೆ ಕೇಳದೆ ಬಿಡುತ್ತಿರಲಿಲ್ಲ.

ಫೆಬ್ರವರಿ 23, ಭಾನುವಾರ

ಪ್ರಾರ್ಥನೆ ಮುಗಿದ ಮೇಲೆ ಚಾಪೆಲ್ ಹಿಂದಿನ ಕೋಣೆಯಲ್ಲಿ ಟೀ. ಬೇಕೆಂದೇ ಮಾತು ಅತ್ತ ತಿರುಗಿಸಿದೆ. ಪ್ರಾಸರ್ ಬರುತ್ತಾನೆ, ನಮ್ಮನೆಯವರು ಎಲ್ಲಿಡುತ್ತಾರೋ ಏನೋ ಎಂದೆ. ಅಷ್ಟು ಸಾಕಾಯಿತು. ರೊಟ್ಟಿ ಜೋನ್ಸನ ಹೆಂಡತಿ, "ನಮ್ಮನೇದು ದೊಡ್ಡ ಬೈಬಲ್ ಹಿಂದೆ. ಎಂದೂ ಬೈಬಲ್ ಮುಟ್ಟದವರ ಕೈ ಆ ಕಡೆ ಹೋಯ್ತು, ಅದಕ್ಕೇ ನನಗೆ ಅನುಮಾನ ಬಂದಿದ್ದು," ಎಂದಳು. ಒಬ್ಬೊಬ್ಬರದೂ ಒಂದೊಂದು ಕಥೆ. ಈ ಕಣಿವೆಯಲ್ಲಿ ಗೊತ್ತಿಲ್ಲದ ಹೆಂಡತಿ ನಾನೊಬ್ಬಳೇ ಎಂದು ಖಚಿತವಾಗಿ, ಹೊಟ್ಟೆ ಉರಿಯಿತು.

ಮೇಲಿನ ಹೊಲಮನೆಯ ತೆಗ್ವೆನ್ ಮಾತ್ರ ತುಟಿ ಪಿಟಿಕ್ಕೆನ್ನದೆ ಕಪ್ಪು ತೊಳೆಯುತ್ತಿದ್ದಳು. ಅವಳ ಗಂಡ ಹವೆಲ್ ಹೋದ ಅಕ್ಟೋಬರ್‌ನಲ್ಲಿ ತನ್ನ ಕೋವಿಯಿಂದಲೇ ಪ್ರಾಣ ಕಳೆದುಕೊಂಡ. ಅದು ನೆನಪಾದ ಕೂಡಲೇ ಎಲ್ಲರ ಬಾಯಿಗೂ ಬೀಗ ಬಿತ್ತು. ಅವಳು ಹೊರಗೆ ಹೋದ ಮೇಲೆ ಒಬ್ಬಳು ಪಿಸುಗುಟ್ಟಿದಳು: "ಪಾಪ, ಬೀಗದ ಕೈ ಎಲ್ಲಿತ್ತು ಅಂತ ಅವಳನ್ನ ಸ್ಟೇಷನ್ನಿಗೆ ಎಳೆದುಕೊಂಡು ಹೋಗಿ ಕೇಳಿದ್ರಂತೆ. ಹೆಣ ಇನ್ನೂ ಮನೇಲಿತ್ತಂತೆ." ಇನ್ನೊಬ್ಬಳು, "ಡಾಕ್ಟರ ಹತ್ರ ಮನಸ್ಸಿಗೆ ಬೇಜಾರು ಅಂದ್ರೂ ಸಾಕು, ಡಾಕ್ಟರು ಪೊಲೀಸರಿಗೆ ಬರೀತಾರೆ, ಅವರು ಬಂದು ಕೋವಿ ಹೊತ್ತುಕೊಂಡು ಹೋಗ್ತಾರೆ. ಗಂಡಸರಿಗೆ ಅದಕ್ಕಿಂತ ಅವಮಾನ ಇದೆಯಾ?" ಎಂದಳು.

ಯಾರು ಹೇಳಿದ್ದು, ಯಾರು ನೋಡಿದ್ದು ಎಂದು ಕೇಳಬೇಕೆಂದಿದ್ದೆ. ಅಷ್ಟರಲ್ಲಿ ಟೀ ಮುಗಿಯಿತು.

ಫೆಬ್ರವರಿ 27, ಗುರುವಾರ

ಇದ್ವಲ್‌ಗೆ ಇಂದು ಡಾಕ್ಟರ ಬಳಿ ಹೋಗುವುದಿತ್ತು. ನಿದ್ದೆ ಬರುತ್ತಿಲ್ಲವೆಂದು ನಾನೇ ಕಾಡಿಬೇಡಿ ಸಮಯ ತೆಗೆಸಿದ್ದೆ. ಬೆಳಿಗ್ಗೆ ಎದ್ದು ನೋಡಿದರೆ ಫೋನ್ ಮಾಡಿ ಬರುವುದಿಲ್ಲ ಅಂದುಬಿಟ್ಟಿದ್ದಾನೆ.

"ಪ್ರಾಸರ್ ಬಂದು ಹೋಗ್ಲಿ," ಎಂದ.

"ಪ್ರಾಸರ್‌ಗೂ ನಿನ್ನ ನಿದ್ದೆಗೂ ಏನು ಸಂಬಂಧ?"

"ನಿಂಗೊತ್ತಾಗಲ್ಲ ಬಿಡು."

ಸಿಟ್ಟು ನೆತ್ತಿಗೇರಿತು. ಗೊತ್ತಾಗಲ್ಲ ಬಿಡು, ಗೊತ್ತಾಗಬಾರದು ಬಿಡು! ಮಾಡಿಟ್ಟ ಗಂಜಿ ಮುಟ್ಟದೆ ಎದ್ದುಹೋದ. ನಾಯಿಗೆ ಹಾಕಿದೆ. ಈಚೆಗೆ ನಾಯಿ ದಪ್ಪಗಾಗುತ್ತಿದೆ.

ಮಾರ್ಚ್ 1, ಶನಿವಾರ

ಸಿಕ್ಕಿತು! ಸಿಕ್ಕಿತು ಸಿಕ್ಕಿತು ಸಿಕ್ಕಿತು!

ಇಂದು ನಮ್ಮ ನಾಡಿನ ಸಂತ ದೆವಿಯ ಹಬ್ಬ. ಇಡೀ ವೇಲ್ಸ್ ಎದೆಗೆ ಹಳದಿ ಹೂ ಸಿಕ್ಕಿಸಿಕೊಂಡು ಓಡಾಡುವ ದಿನ. ಅತ್ತೆ ಬೆಳಗಿನಿಂದ ಲೀಕ್ ದಂಟು ಹೆಚ್ಚಿ ಕುರಿಮಾಂಸದ ಕೌಲ್ ಸಾರು ಬೇಯಿಸುತ್ತಿದ್ದರು. ಊಟಕ್ಕೆ ಕರೆಯಲು ಹೋದರೆ ಇದ್ವಲ್ ಕುರಿ ಶೆಡ್ಡಿನಲ್ಲಿ ಇಲ್ಲ. ದನದ ಕೊಟ್ಟಿಗೆಯ ಬಾಗಿಲು ಸ್ವಲ್ಪ ತೆರೆದಿತ್ತು. ನವೆಂಬರ್‌ನಲ್ಲಿ ಕ್ಷಯದ ಪರೀಕ್ಷೆಯಾಗಿ ನಮ್ಮ ಕಪ್ಪು ಹಸುಗಳನ್ನೆಲ್ಲ ಸರ್ಕಾರದವರು ಕೊಲ್ಲಲೆಂದು ಲಾರಿಗೆ ಹತ್ತಿಸಿಕೊಂಡು ಹೋದ ಮೇಲೆ ಆ ಕೊಟ್ಟಿಗೆಗೆ ಯಾರಿಗೂ ಕೆಲಸವಿಲ್ಲ. ಖಾಲಿ ಕೊಟ್ಟಿಗೆಗೆ ಏಕೆ ಹೋಗುತ್ತಾನೆ? ನನ್ನ ಕಿವಿ ನೆಟ್ಟಗಾಯಿತು. ಕಿಂಡಿಯಿಂದ ಇಣುಕಿದೆ. ಬಕೆಟ್ ಬೋರಲು ಹಾಕಿಕೊಂಡು ಅದರ ಮೇಲೆ ಕೂತಿದ್ದ. ಏನೂ ಮಾಡುತ್ತಿರಲಿಲ್ಲ. ಗೋಡೆ ನೋಡುತ್ತಿದ್ದ. ಕರೆಯದೆ ಹಿಂದೆ ಬಂದು ಅಂಗಳದಿಂದ ಕೂಗಿದೆ.

ಊಟದ ಹೊತ್ತಿಗೆ ಅವನು ಕೌಲ್ ಕಲಕುತ್ತಾ ಕೂತಾಗ ಸೌದೆ ತರುತ್ತೇನೆಂದು ಕೊಟ್ಟಿಗೆಗೆ ಓಡಿದೆ. ಬಕೆಟ್ ಎತ್ತಿದೆ. ಕೆಳಗೆ ಒಂದು ಇಟ್ಟಿಗೆ ಸಡಿಲ. ಇಟ್ಟಿಗೆ ತೆಗೆದರೆ ಹಳೆಯ ಹೊಗೆಸೊಪ್ಪಿನ ಡಬ್ಬಿ, ಅದರಲ್ಲಿ ಒಂದೇ ಉಂಗುರಕ್ಕೆ ಪೋಣಿಸಿದ ಎರಡೂ ಬೀಗದ ಕೈ!

ಹಾಗೆಯೇ ಇಟ್ಟು ಬಂದೆ. ಸೌದೆ ತರುವುದು ಮರೆತೇಹೋಯಿತು. "ಎಲ್ಲೇ ಸೌದೆ?" ಎಂದರು ಅತ್ತೆ. ನನ್ನ ಮುಖ ನೋಡಿ ಅವರಿಗೆ ತಿಳಿದುಹೋಯಿತು. "ಪ್ರಾಸರ್ ಬಂದಾಗ ಈ ಮುಖ ಮಾತ್ರ ತೋರಿಸಬೇಡ ಮಹರಾಯ್ತಿ," ಎಂದು ಕಿವಿಯಲ್ಲಿ ಹೇಳಿದರು.

ಗೆದ್ದೆ. ಇನ್ನು ಗೊತ್ತಿಲ್ಲ ಎಂದು ಸುಳ್ಳು ಹೇಳುವ ಅಭ್ಯಾಸ ಮಾಡಿಕೊಂಡರಾಯಿತು.

ಮಾರ್ಚ್ 4, ಮಂಗಳವಾರ

ತೆಗ್ವೆನ್ ಮನೆಗೆ ಹೋಗಿದ್ದೆ. ಸ್ಟೇಷನ್ನಿನ ಸುದ್ದಿ ನಿಜವೋ ಸುಳ್ಳೋ ತಿಳಿಯದೆ ನನಗೆ ತಡೆಯಲಾಗುತ್ತಿರಲಿಲ್ಲ. ಒಳ್ಳೆಯ ಹೆಂಗಸಾಗಿದ್ದರೆ ಸುಮ್ಮನೆ ಹೋಗಿ ಮಾತಾಡಿಸಿ ಬರುತ್ತಿದ್ದೆ. ನಾನು ಕೆದಕಲೆಂದೇ ಹೋದೆ.

ಕಲ್ಲಿನ ಮೇಲೆ ಬೇಯಿಸಿದ ಬಿಸಿ ಕೇಕು ಕೊಟ್ಟಳು. ಸುತ್ತಿಬಳಸಿ ಕೇಳಿದೆ. ಅವಳು ನೇರವಾಗಿಯೇ ಹೇಳಿದಳು.

"ಸ್ಟೇಷನ್ನಿಗೆ? ಯಾರೇ ಹೇಳಿದ್ದು ಅದನ್ನ? ಪ್ರಾಸರ್ ಬಂದ, ಕೋವಿ ತಗೊಂಡ, ಸಿಂಕ್‌ನಲ್ಲಿದ್ದ ಪಾತ್ರೆ ತೊಳೆದಿಟ್ಟು ಹೋದ. ಈಗ್ಲೂ ಆಗಾಗ ಬರ್ತಾನೆ, ಮೊಟ್ಟೆ ಬೇಕು ಅಂತ ನೆಪ ಮಾಡ್ಕೊಂಡು. ಅವನ ಮನೇಲೇ ಕೋಳಿ ಇದಾವೆ."

"ಬೀಗದ ಕೈ ಎಲ್ಲಿತ್ತು ಅಂತ ಕೇಳ್ಲಿಲ್ವಾ?"

"ಕೇಳ್ದ. ಗೊತ್ತಿತ್ತು ಅಂದೆ." ಅವಳು ಗೋಡೆಯ ಮಗ್ಗುಲಿನ ಪಾತ್ರೆ ಕಪಾಟಿನತ್ತ ನೋಡಿದಳು. "ಅಲ್ಲಿ, ನೀಲಿ ಹೂಜಿಯಲ್ಲಿ. ಪ್ರತಿ ಶನಿವಾರ ಹೂಜಿ ಇಳಿಸಿ, ಬೀಗದ ಕೈ ತೆಗೆದು, ಧೂಳು ಒರೆಸಿ, ವಾಪಸ್ ಹಾಕಿಡ್ತಿದ್ದೆ. ಹವೆಲ್ ಊಟ ಬಿಟ್ಟಿದ್ದ. ಆಮೇಲೆ ಮಾತು ಬಿಟ್ಟ. ಆಮೇಲೆ ಶೆಡ್ಡಿಗೆ ಹೋಗಿ ಸುಮ್ನೆ ಕೂತ್ಕೊಂಡಿರ್ತಿದ್ದ. ನಾನು ಶನಿವಾರ ಒರೆಸಿ ವಾಪಸ್ ಹಾಕ್ತಾನೇ ಇದ್ದೆ ನೆರಿಸ್."

"ಯಾಕೆ ವಾಪಸ್ ಹಾಕ್ದೆ?" ಎಂದುಬಿಟ್ಟೆ. ನನ್ನ ನಾಲಿಗೆಗೆ ಬೆಂಕಿ ಬೀಳಲಿ.

ಅವಳು ಬೇಸರಿಸಿಕೊಳ್ಳಲಿಲ್ಲ. "ಯಾಕಂದ್ರೆ ನಂಗೆ ಗೊತ್ತಿರಬಾರದಿತ್ತಲ್ಲ. ತೆಗೆದಿಟ್ರೆ ನಂಗೆ ಗೊತ್ತಿತ್ತು ಅಂತ ಅವನಿಗೆ ಗೊತ್ತಾಗ್ತಿತ್ತು."

ಕೇಕು ಅರ್ಧಕ್ಕೇ ಬಿಟ್ಟು ಬಂದೆ. ದಾರಿಯಲ್ಲಿ ಓಡಿದೆನೆಂದು ಕಾಣುತ್ತದೆ, ಮನೆ ತಲುಪಿದಾಗ ಏದುಸಿರು ಬರುತ್ತಿತ್ತು. ಇದ್ವಲ್ ಅಡುಗೆಮನೆಯಲ್ಲಿ ತಬ್ಬಲಿ ಕುರಿಮರಿಗೆ ಬಾಟಲಿಯಲ್ಲಿ ಹಾಲು ಕುಡಿಸುತ್ತಿದ್ದ. "ಏನಾಯ್ತೇ, ನರಿ ಅಟ್ಟಿಸಿಕೊಂಡು ಬಂತಾ?" ಎಂದ. ಇದ್ವಲ್ ತಮಾಷೆ ಮಾಡಿ ಎಷ್ಟು ದಿನವಾಗಿತ್ತೋ. ಒಳಗೆ ಹೋಗಿ ಮುಖ ತೊಳೆದುಕೊಂಡೆ.

ಮಾರ್ಚ್ 5, ಬುಧವಾರ

ತೆಗೆದುಕೊಂಡುಬಿಟ್ಟೆ. ಡಬ್ಬಿ ಅಲ್ಲೇ ಇದೆ, ಒಳಗೆ ಏನಿಲ್ಲ. ಉಂಗುರ ನನ್ನ ಏಪ್ರನ್ ಜೇಬಿನಲ್ಲಿದೆ. ಬೇರೆಲ್ಲಿ ಇಟ್ಟರೂ ಸಮಾಧಾನವಿಲ್ಲ. ಅವಳಿ ಮರಿ ಹುಟ್ಟಿದವು, ಎರಡೂ ಚೆನ್ನಾಗಿವೆ.

ಮಾರ್ಚ್ 7, ಶುಕ್ರವಾರ

ಇದ್ವಲ್ ಕನ್ನಡಕ ಹುಡುಕುತ್ತಿದ್ದಾನೆ.

ಕೊಟ್ಟಿಗೆಯಲ್ಲಿ ಹುಡುಕಿದ. ಹುಲ್ಲಿನ ಅಟ್ಟದಲ್ಲಿ ಹುಡುಕಿದ. ಟ್ರಾಕ್ಟರ್ ಸೀಟಿನ ಕೆಳಗೆ, ಔಷಧಿಯ ಬೀರುವಿನಲ್ಲಿ. "ಏನೋ ಅದು?" ಎಂದು ಅತ್ತೆ ಕೇಳಿದರೆ "ಕನ್ನಡಕ ಅಮ್ಮಾ" ಎಂದ. ಕನ್ನಡಕ ಅವನ ಹಣೆಯ ಮೇಲೇ ಇತ್ತು. ಅತ್ತೆ ಬಾಯಿ ತೆರೆದರು. ನಾನು ಅವರ ಕಾಲು ತುಳಿದೆ.

"ಕೊಟ್ಟಿಗೆ ಕಡೆ ಯಾರಾದ್ರೂ ಹೋಗಿದ್ರಾ ಅಮ್ಮಾ?"

"ನನ್ನ ನೋಯೋ ಮಂಡೀನ ಕೇಳು, ಹೋಗಿ ಬಂತಾ ಅಂತ."

ನನ್ನನ್ನು ಮಾತ್ರ ಕೇಳಲಿಲ್ಲ. ಏನೆಂದು ಕೇಳಿಯಾನು? ನನಗೆ ಗೊತ್ತಿರಬಾರದಲ್ಲ. ನಾನೂ ಏನನ್ನೂ ಕೇಳಲಿಲ್ಲ. ಕಾಗೆ ಹೊಡೆಯಬೇಕೇನೋ ಎಂದುಕೊಂಡು ಹೊರಗೆ ನೋಡಿದೆ. ಹೊಲದಲ್ಲಿ ಕಾಗೆ ಇರಲಿಲ್ಲ.

ಮಾರ್ಚ್ 8, ಶನಿವಾರ

ಮೇಲಿನ ಹೊಲದ ನೀರು ನಿಲ್ಲಿಸುವ ಕವಾಟ ಎಲ್ಲಿದೆ ಎಂದು ಕರೆದುಕೊಂಡು ಹೋಗಿ ತೋರಿಸಿದ. ಹಳೆಯ ಟ್ರಾಕ್ಟರ್ ಚಳಿಗೆ ಹಟ ಹಿಡಿದರೆ ಏನು ಮಾಡಬೇಕೆಂದು ಹೇಳಿಕೊಟ್ಟ. ಯಾವ ಟಗರನ್ನು ಮುಂದಿನ ವರ್ಷಕ್ಕೆ ಉಳಿಸಿಕೊಳ್ಳಬೇಕೆಂದೂ ಹೇಳಿದ.

"ಇದೆಲ್ಲ ನಂಗ್ಯಾಕೆ ಈಗ?" ಎಂದೆ.

"ಗೊತ್ತಿರ್ಲಿ ಅಂತ."

ಇಷ್ಟು ವರ್ಷದಲ್ಲಿ ನನಗೇನಾದರೂ ಗೊತ್ತಿರಲಿ ಎಂದು ಅವನು ಬಯಸಿದ್ದು ಇದೇ ಮೊದಲು. ಯಾಕೋ ಸ್ವಲ್ಪವೂ ಸಂತೋಷವಾಗಲಿಲ್ಲ. ಏಪ್ರನ್ ಹಾಕಿಕೊಂಡೇ ಮಲಗುತ್ತೇನೆಂದು ಅತ್ತೆ ಆಡಿಕೊಳ್ಳುತ್ತಿದ್ದಾರೆ.

ಮಾರ್ಚ್ 9, ಭಾನುವಾರ

ಚಾಪೆಲ್‌ಗೆ ಹೋಗಲಿಲ್ಲ. ಇದ್ವಲ್ ಬರುವುದಿಲ್ಲ ಎಂದ, ನಾನೂ ಕಾಲು ನೋವು ಎಂದೆ. ಮಧ್ಯಾಹ್ನದವರೆಗೆ ಎಲ್ಲಿ ಹೋದರೂ ಅವನ ಹಿಂದೆಯೇ ಹೋದೆ. "ಬಾಲ ಬೆಳೆದಂಗಿದೆ ನಂಗೆ," ಎಂದ.

ಮಾರ್ಚ್ 10, ಸೋಮವಾರ

ಪ್ರಾಸರ್‌ಗೆ ಫೋನ್ ಮಾಡಿದೆ. ಎರಡು ಸಲ ಎತ್ತಿ ಇಟ್ಟು ಮೂರನೆಯ ಸಲ ಮಾಡಿದೆ. ಅತ್ತೆ ಕೋಳಿಗೂಡಿನ ಹತ್ತಿರವಿದ್ದರು, ಇದ್ವಲ್ ಕಿಟಕಿಯಿಂದ ಕಾಣುತ್ತಿದ್ದ, ಹುಲ್ಲು ಹಾಕುತ್ತಿದ್ದ.

ಪೊಲೀಸರಿಗೆ ನಾನಾಗಿ ಫೋನ್ ಮಾಡುತ್ತೇನೆಂದು ಯಾರಾದರೂ ಹೇಳಿದ್ದರೆ ನಕ್ಕುಬಿಡುತ್ತಿದ್ದೆ. ಏನು ಹೇಳಬೇಕೆಂದು ಮನಸ್ಸಿನಲ್ಲಿ ಕಂಠಪಾಠ ಮಾಡಿಕೊಂಡಿದ್ದೆಲ್ಲ ಮರೆತುಹೋಯಿತು.

"ನಾನು ಹಾವೊದ್ ಹೊಲಮನೆಯ ನೆರಿಸ್ ಬೆಬ್. ನೀವು ಇಪ್ಪತ್ತೈದಕ್ಕೆ ಬರ್ತೀನಿ ಅಂದಿದ್ರಿ. ಆವಾಗ ಕುರಿ ಮರಿ ಹಾಕೋ ಗಡಿಬಿಡಿ. ಸ್ವಲ್ಪ ಮುಂಚೆ ಬರೋಕಾಗುತ್ತಾ?"

"ಈಗ್ಲೂ ಮರಿ ಹಾಕ್ತಿದಾವಲ್ಲ ಮಿಸೆಸ್ ಬೆಬ್?"

ಏನು ಹೇಳಲಿ? "ಹೌದು," ಎಂದೆ.

ಬೈಯುತ್ತಾನೆ ಎಂದುಕೊಂಡೆ.

"ನಾಳೆ ಬೆಳಿಗ್ಗೆನೇ ಬರ್ತೀನಿ," ಎಂದ. "ಬೇಕಿದ್ರೆ ಈಗ್ಲೇ ಹೊರಡ್ತೀನಿ. ನಾಳೆವರೆಗೂ ಎಲ್ಲ ಸರಿ ಇರುತ್ತಾ?"

ಜೇಬು ಮುಟ್ಟಿ ನೋಡಿಕೊಂಡೆ. "ಇರುತ್ತೆ."

"ಖಂಡಿತಾ?"

"ನಾನು ನೋಡ್ಕೋತೀನಿ."

"ಯಾವ ಹೊತ್ತಲ್ಲಾದ್ರೂ ಈ ನಂಬರಿಗೆ ಮಾಡಿ," ಎಂದ. ಏಕೆ, ಏನು ಎಂದು ಒಂದು ಮಾತು ಕೇಳಲಿಲ್ಲ.

ಮಾರ್ಚ್ 11, ಮಂಗಳವಾರ

ಎಲ್ಲಿಂದ ಬರೆಯಲಿ.

ಪ್ರಾಸರ್ ಬೆಳಿಗ್ಗೆ ಬಂದ. ಇದ್ವಲ್‌ನ ಮುಖ ಸುಣ್ಣವಾಯಿತು. "ಇಪ್ಪತ್ತೈದಕ್ಕಲ್ವಾ?" ಎಂದ. "ಈ ಕಡೆ ಬಂದಿದ್ದೆ," ಎಂದ ಪ್ರಾಸರ್, ನನ್ನತ್ತ ನೋಡಲೂ ಇಲ್ಲ. ಕಪಾಟಿನ ಮುಂದೆ ನಿಂತು ಬೋಲ್ಟು ತಟ್ಟಿದ. ಆಮೇಲೆ, "ಬೀಗದ ಕೈ ತರ್ತೀರಾ ಇದ್ವಲ್, ನಂಬರ್ ನೋಡ್ಬಿಡ್ತೀನಿ," ಎಂದ.

ಇದ್ವಲ್ ಕೊಟ್ಟಿಗೆಗೆ ಹೋದ. ಅಲ್ಲಿ ಇಲ್ಲವೆಂದು ಅವನಿಗೆ ಗೊತ್ತು, ನನಗೂ ಗೊತ್ತು. ಆದರೂ ಹೋದ. ನಾನು ಟೀ ಸುರಿದೆ, ತಟ್ಟೆಗೆ ಕೇಕು ಹಾಕಿದೆ. ಅತ್ತೆ ಮೂಲೆಯಲ್ಲಿ ಕೂತು ಹೆಣೆಯುತ್ತಿದ್ದರು. ಹೊತ್ತು ಹೋಗುತ್ತಿತ್ತು. ಇದ್ವಲ್ ಬರಲಿಲ್ಲ.

"ಮಿಸೆಸ್ ಬೆಬ್," ಎಂದ ಪ್ರಾಸರ್ ಕಪ್ಪು ಕೆಳಗಿಟ್ಟು, "ಬೀಗದ ಕೈ ಎಲ್ಲಿರುತ್ತೆ ಅಂತ ನಿಮಗೇನಾದ್ರೂ ಗೊತ್ತಾ?"

ಅತ್ತೆಯ ಕಡ್ಡಿಗಳು ನಿಂತವು. ಗೊತ್ತಿಲ್ಲ ಎನ್ನುವ ಮಾತು ನಾಲಿಗೆಯ ತುದಿಯಲ್ಲಿತ್ತು. ಅದೊಂದು ಮಾತು ಹೇಳಿಬಿಟ್ಟಿದ್ದರೆ, ಬೀಗದ ಕೈ ಕಳೆದುಹೋಗಿದೆ ಎಂದು ಇದ್ವಲ್ ಹೇಗೋ ಸುಧಾರಿಸಿಕೊಳ್ಳುತ್ತಿದ್ದ. ಹೊಸದು ಮಾಡಿಸುತ್ತಿದ್ದ. ಹೊಸದು ಮಾಡಿಸಿದರೆ ಹೊಸ ಜಾಗ. ನಾನು ಮತ್ತೆ ಹುಡುಕಬೇಕು.

"ಗೊತ್ತು," ಎಂದೆ. "ನನ್ನ ಹತ್ರಾನೇ ಇದೆ." ಜೇಬಿನಿಂದ ತೆಗೆದು ಕೇಕಿನ ತಟ್ಟೆಯ ಪಕ್ಕ ಇಟ್ಟೆ.

"ಅಯ್ಯೋ ಹುಚ್ಚಿ," ಎಂದರು ಅತ್ತೆ.

ಪ್ರಾಸರ್ ಬೀಗದ ಕೈ ಮುಟ್ಟಲಿಲ್ಲ. "ಯಾಕೆ ಇಟ್ಕೊಂಡ್ರಿ?" ಎಂದು ಕೇಳಿದ ದನಿಯಲ್ಲಿ ಸಿಟ್ಟಿರಲಿಲ್ಲ, ಗದರಿಕೆ ಇರಲಿಲ್ಲ. ಅದಕ್ಕೇ ನನಗೆ ಅಳು ಬಂತು. ಉತ್ತರ ಎಷ್ಟೋ ಇದ್ದವು. ದನ ಹೋದವು, ನಿದ್ದೆಯಿಲ್ಲ, ಗಂಜಿಯೆಲ್ಲ ನಾಯಿಗೆ. ಬಾಯಿಗೆ ಬಂದದ್ದು ಒಂದೇ.

"ಅವನು ಅದನ್ನ ಹುಡುಕ್ತಿದಾನೆ," ಎಂದೆ.

ಇದ್ವಲ್ ಬಾಗಿಲಲ್ಲಿ ನಿಂತಿದ್ದ. ಎಷ್ಟು ಹೊತ್ತಿನಿಂದಲೋ. ಅವನ ಕಣ್ಣು ಮೇಜಿನ ಮೇಲಿನ ಉಂಗುರದ ಮೇಲಿತ್ತು. ರೇಗುತ್ತಾನೆ, ಪ್ರಾಸರ್ ಎದುರಿಗೇ ಕೂಗಾಡುತ್ತಾನೆ ಎಂದುಕೊಂಡೆ.

"ನಿನ್ನ ಹತ್ರ ಇತ್ತಾ," ಎಂದ. "ದೇವರೇ. ನಿನ್ನ ಹತ್ರ ಇತ್ತಾ."

ಅಲ್ಲೇ ಹೊಸ್ತಿಲ ಮೇಲೆ ಕೂತು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ಅತ್ತೆ ಎದ್ದು ಹೋಗಿ, ಆ ಕೆಟ್ಟ ಮಂಡಿ ಇಟ್ಟುಕೊಂಡು, ಅವನ ಪಕ್ಕ ನೆಲದ ಮೇಲೇ ಕೂತರು. ಪ್ರಾಸರ್ ಅವಸರ ಮಾಡಲಿಲ್ಲ, ತಾವೇ ಎದ್ದು ಕೆಟಲ್‌ಗೆ ನೀರು ತುಂಬಿಸಿ ಒಲೆ ಮೇಲಿಟ್ಟರು, ಕಪ್ಪುಗಳನ್ನು ತೊಳೆದರು.

ಕೋವಿಗಳನ್ನು ತಮ್ಮ ವ್ಯಾನಿಗೆ ಹಾಕಿಕೊಂಡರು. ತೋಟೆಗಳನ್ನೂ ತೆಗೆದುಕೊಂಡರು. ಹೊರಡುವ ಮುಂಚೆ ಅತ್ತೆ ದಾರಿಗೆ ಅಡ್ಡ ನಿಂತರು.

"ವಾಪಸ್ ಕೊಡ್ತೀಯೇನಯ್ಯಾ?"

"ಮಾತು ಕೊಡೋಕಾಗಲ್ಲ ಅಜ್ಜಿ. ತೀರ್ಮಾನ ನನ್ನೊಬ್ಬನದಲ್ಲ. ಸುಳ್ಳು ಆಸೆ ಹುಟ್ಟಿಸಲ್ಲ."

"ಅವನ ತಾತನ ಕೋವಿ ಅದು."

"ತುಕ್ಕು ಹಿಡಿಯದಂಗೆ ನೋಡ್ಕೋತೀನಿ, ಅಷ್ಟು ಮಾತ್ರ ಖಂಡಿತ." ಆಮೇಲೆ ಇದ್ವಲ್‌ನತ್ತ ತಿರುಗಿ, "ಡಾಕ್ಟರ ಹತ್ರ ಹೋದ್ರೆ ಕೋವಿ ಹೋಗುತ್ತೆ ಅಂತ ಎಷ್ಟು ಮನೇಲಿ ಹೆದರಿ ಕೂತಿದ್ದಾರೋ. ಈಗ ಕಳ್ಕೊಳ್ಳೋಕೆ ಏನೂ ಉಳಿದಿಲ್ಲ ನೋಡಿ. ಹೋಗಿ ಬನ್ನಿ," ಎಂದರು.

ಇದ್ವಲ್ ತಲೆಯಾಡಿಸಿದ. ಅಷ್ಟು ಹೊತ್ತಿನ ಮೇಲೆ ಮೇಜಿನ ಹತ್ತಿರ ಬಂದು ಒಂದು ಕೇಕು ತಿಂದ.

ಮಾರ್ಚ್ 12, ಬುಧವಾರ

ಕಣಿವೆಗೆಲ್ಲ ಸುದ್ದಿಯಾಗಿದೆ. ಟೈರ್ ಡೇವಿಸ್ ಪ್ರಾಸರ್‌ರ ವ್ಯಾನು ನೋಡಿದ್ದನಂತೆ. ಉಳಿದದ್ದನ್ನು ಅತ್ತೆಯೇ ಯಾರಿಗೋ ಉಸುರಿರಬೇಕು. ರೊಟ್ಟಿ ಜೋನ್ಸನ ಹೆಂಡತಿ ಫೋನ್ ಮಾಡಿ, "ಗೊತ್ತು ಅಂದುಬಿಟ್ಯಂತಲ್ಲೇ, ಬುದ್ಧಿ ಎಲ್ಲಿಟ್ಟಿದ್ದೆ?" ಎಂದಳು. ಯಾಕೆ ಹಾಗೆ ಹೇಳಿದೆ ಎಂದು ಕೇಳಲೂ ಇಲ್ಲ. ನಾನೂ ಹೇಳಲಿಲ್ಲ. "ನಿಮ್ಮ ಬೈಬಲ್ ಹಿಂದೆ ಧೂಳು ಹೊಡೆದು ಎಷ್ಟು ದಿನ ಆಯ್ತು? ಒಂದ್ಸಲ ಅವರ ಜೊತೆ ಕೂತು ಮಾತಾಡು," ಎಂದು ಫೋನ್ ಇಟ್ಟೆ.

ಸಂಜೆ ತೆಗ್ವೆನ್ ಬಂದಿದ್ದಳು, ಒಂದು ಬುಟ್ಟಿ ಮೊಟ್ಟೆ ತಂದು. ನನ್ನನ್ನು ತಬ್ಬಿಕೊಂಡಳು. ಬಹಳ ಹೊತ್ತು ಬಿಡಲಿಲ್ಲ.

ಮಾರ್ಚ್ 14, ಶುಕ್ರವಾರ

ಡಾಕ್ಟರ ಬಳಿ ಹೋಗಿದ್ದೆವು. ನಾನು ಹೊರಗೆ ಕೂತಿದ್ದೆ. ಒಳಗೆ ಏನು ಮಾತಾಯಿತೋ ತಿಳಿಯುವ ಆಸೆಗೆ ಬಾಗಿಲ ಹತ್ತಿರ ಹತ್ತಿರಕ್ಕೆ ಮೂರು ಸಲ ಕುರ್ಚಿ ಬದಲಿಸಿದೆ, ಒಂದು ಅಕ್ಷರ ಕೇಳಿಸಲಿಲ್ಲ. ಹೊರಗೆ ಬಂದಾಗ ಅವನ ಕಣ್ಣು ಕೆಂಪಗಿತ್ತು. ಮುಂದಿನ ವಾರ ಮತ್ತೆ ಬರಬೇಕಂತೆ.

ಮೂರು ಮರಿಗಳನ್ನು ನರಿ ಒಯ್ದಿದೆ. ಇದ್ವಲ್ ತೆಗ್ವೆನ್‌ಳ ಅಳಿಯನಿಗೆ ಫೋನ್ ಮಾಡಿ ಬಂದು ಕಾಯಲು ಹೇಳಿದ. ಬೇರೆಯವರ ಕೋವಿ ಕೇಳುವುದು ಅವನಿಗೆ ಎಷ್ಟು ಕಷ್ಟವಾಯಿತೆಂದು ನನಗೆ ಕಾಣಿಸಿತು. ಆದರೂ ಕೇಳಿದ.

ಮಾರ್ಚ್ 16, ಭಾನುವಾರ

ಚಾಪೆಲ್‌ನಿಂದ ಬಂದು, ಊಟವಾಗಿ, ಅತ್ತೆ ಕುರ್ಚಿಯಲ್ಲೇ ತೂಕಡಿಸುತ್ತಿದ್ದರು. ಇದ್ವಲ್ ಒಲೆಯ ಮುಂದೆ ತಬ್ಬಲಿ ಮರಿಗಳಿಗೆ ಹಾಲು ಕುಡಿಸುತ್ತಿದ್ದ. ನಾನು ಇನ್ನೊಂದು ಬಾಟಲಿ ಹಿಡಿದು ಪಕ್ಕದಲ್ಲಿ ಕೂತೆ.

ನನ್ನ ಹೊಟ್ಟೆಯೊಳಗೆ ಒಂದು ಪ್ರಶ್ನೆ ಐದು ದಿನದಿಂದ ಕೂತಿತ್ತು. ಕೇಳಬಾರದು ಎಂದು ನನಗೆ ನಾನೇ ಹೇಳಿಕೊಂಡಿದ್ದೆ. ಕೇಳದೆ ಇರುವುದರಲ್ಲೇ ಇಷ್ಟು ವರ್ಷ ಹೋಗಿದೆ, ಸಾಕು ಎನ್ನಿಸಿತು.

"ಆ ವಾರ ಎಲ್ಲ ಹುಡುಕ್ತಿದ್ಯಲ್ಲ, ಸಿಕ್ಕಿದ್ರೆ ಏನ್ ಮಾಡ್ತಿದ್ದೆ ಇದ್ವಲ್?"

ಅವನು ಬಾಟಲಿ ಓರೆ ಮಾಡಿ ಎಷ್ಟು ಉಳಿದಿದೆ ಎಂದು ನೋಡಿದ.

"ನಿಂಗೊತ್ತು," ಎಂದ.

"ಗೊತ್ತು," ಎಂದೆ.

ಮರಿ ಬಾಲ ಅಲ್ಲಾಡಿಸುತ್ತಾ ಚೀಪುತ್ತಿತ್ತು. ಆಮೇಲೆ ಅವನೇ ಹೇಳಿದ.

"ದಿನಾ ಹೊರಡೋವಾಗ ಇವತ್ತು ಸಿಕ್ಕೇ ಸಿಗುತ್ತೆ ಅಂದ್ಕೊಂಡು ಹೋಗ್ತಿದ್ದೆ ನೆರಿಸ್. ಕೊಟ್ಟಿಗೆ, ಅಟ್ಟ, ಟ್ರಾಕ್ಟರು, ಎಲ್ಲ ಕಡೆ ನೋಡಿ ಮುಗಿಸೋ ಹೊತ್ತಿಗೆ ಇವುಗಳ ಹಾಲಿನ ಹೊತ್ತಾಗಿಬಿಡ್ತಿತ್ತು. ಹಾಲು ಕುಡಿಸೋಕೆ ಒಳಗೆ ಬರ್ತಿದ್ದೆ."